ಗ್ರೀಕ್ ಅಕ್ಷರಗಳಿದ್ದರೂ ಅರ್ಮೇನಿಯಾಕ್ಕೆ ಹೊಸ ಲಿಪಿ ಯಾಕೆ ಬೇಕಾಯಿತು?

ಪ್ರಶ್ನೆ: ಪಕ್ಕದಲ್ಲೇ ಗ್ರೀಕ್, ಸಿರಿಯಾಕ್ (ಸಿರಿಯಾ ಕಡೆಯ ಕ್ರೈಸ್ತರ ಭಾಷೆ) ಲಿಪಿಗಳಿದ್ದವು. ಅರ್ಮೇನಿಯನ್ನರು ಅವನ್ನೇ ಬಳಸಬಹುದಿತ್ತು ಅಲ್ವಾ?

ಉತ್ತರ: ಬಳಸುತ್ತಲೇ ಇದ್ದರು. ತೊಂದರೆ ಇದ್ದದ್ದೇ ಅಲ್ಲಿ. 4ನೇ ಶತಮಾನದ ಆರಂಭದಲ್ಲೇ ಅರ್ಮೇನಿಯಾದ ಅರಸರು ಕ್ರೈಸ್ತ ಧರ್ಮ ಒಪ್ಪಿಕೊಂಡಿದ್ದರು. ಆದರೆ ಚರ್ಚಿನಲ್ಲಿ ಓದುತ್ತಿದ್ದದ್ದು ಗ್ರೀಕ್ ಇಲ್ಲವೇ ಸಿರಿಯಾಕ್. ಕೇಳಲು ಬಂದ ಸಾಮಾನ್ಯ ಜನರಿಗೆ ಅದು ಅರ್ಥವಾಗುತ್ತಿರಲಿಲ್ಲ. ಅರಮನೆಯ ಕೆಲಸ ಬಿಟ್ಟು ಸನ್ಯಾಸಿಯಾಗಿ ಊರೂರು ಸುತ್ತುತ್ತಿದ್ದ ಮೆಸ್ರೋಪ್ ಮಾಷ್ಟೋತ್ಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು.

ಅರ್ಮೇನಿಯನ್‌ಗೆ ಅದರದೇ ಅಕ್ಷರಗಳು ಬೇಕೆಂದು ಹೊರಟ ಮಾಷ್ಟೋತ್ಸ್ ಬೆನ್ನಿಗೆ ಧರ್ಮಗುರು ಸಾಹಕ್ ಮತ್ತು ದೊರೆ ವ್ರಂಶಪೂಹ್ ನಿಂತರು. ಮೊದಲು ದಾನಿಯೇಲ್ ಎಂಬ ಸಿರಿಯಾದ ಬಿಷಪ್ ಬಳಿಯಿದ್ದ ಅಕ್ಷರಗಳನ್ನು ತರಿಸಿ ಮಕ್ಕಳಿಗೆ ಕಲಿಸಿ ನೋಡಿದರು. ಸಾಲಲಿಲ್ಲ. ಅರ್ಮೇನಿಯನ್‌ನಲ್ಲಿ ನಮ್ಮ ಚ, ಛ, ಜ ಇವುಗಳಂಥ ಮೂರು ಧ್ವನಿಗಳಿವೆ. ಅವುಗಳ ಜೊತೆ 'ತ್ಸ' ಬಗೆಯವು ಇನ್ನೂ ಮೂರು. ಈ ಆರರಲ್ಲಿ ಒಂದಕ್ಕೂ ಗ್ರೀಕ್‌ನಲ್ಲಿ ಅಕ್ಷರವಿಲ್ಲ. ಸಿರಿಯಾಕ್‌ನಲ್ಲೋ, ಸ್ವರಗಳನ್ನು ಪೂರ್ತಿ ಬರೆಯುವ ಪದ್ಧತಿಯೇ ಇರಲಿಲ್ಲ.

ಮಾಷ್ಟೋತ್ಸ್ ಶಿಷ್ಯರ ಜೊತೆ ಎಡೆಸ್ಸಾ, ಸಮೋಸಾಟಾ ಊರುಗಳಿಗೆ ಹೋದರು. ಸುಮಾರು 405ರಲ್ಲಿ 36 ಅಕ್ಷರಗಳು ಸಿದ್ಧವಾದವು. ರೂಫಿನಸ್ ಎಂಬ ಗ್ರೀಕ್ ಬರಹಗಾರ ಅವುಗಳಿಗೆ ಅಂದವಾದ ರೂಪ ಕೊಟ್ಟ. ಒಂದು ಧ್ವನಿಗೆ ಒಂದು ಅಕ್ಷರ ಎಂಬ ಲೆಕ್ಕ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಮುಂದೆ ಮಧ್ಯಯುಗದಲ್ಲಿ ಸೇರಿಸಬೇಕಾಗಿ ಬಂದದ್ದು ಎರಡೇ ಅಕ್ಷರ. ಮಾಷ್ಟೋತ್ಸ್ ಅವರ ಶಿಷ್ಯ ಕೊರ್ಯೂನ್ ಈ ಕಥೆಯನ್ನೆಲ್ಲ ಬರೆದಿಟ್ಟಿದ್ದಾನೆ. ಹೊಸ ಲಿಪಿಯಲ್ಲಿ ಮೊದಲು ಅನುವಾದವಾದದ್ದು ಬೈಬಲ್ಲಿನ ಜ್ಞಾನೋಕ್ತಿಗಳು ಎನ್ನುತ್ತಾನೆ ಅವನು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು ನಡೆದ ಹೊತ್ತು. 387ರಲ್ಲೇ ರೋಮ್ ಮತ್ತು ಪರ್ಷಿಯಾ ದೇಶವನ್ನು ಹಂಚಿಕೊಂಡಿದ್ದವು. 428ರಲ್ಲಿ ಪರ್ಷಿಯಾದ ಕಡೆ ಉಳಿದಿದ್ದ ಅರಸೊತ್ತಿಗೆಯೂ ಹೋಯಿತು. ಲಿಪಿ ಇನ್ನೊಂದು ತಲೆಮಾರು ತಡವಾಗಿದ್ದರೆ ಅದಕ್ಕೆ ಬೆಂಬಲ ಕೊಡಲು ದೊರೆಯೇ ಇರುತ್ತಿರಲಿಲ್ಲ. ಅಷ್ಟರಲ್ಲಿ ಶಾಲೆಗಳು ಶುರುವಾಗಿದ್ದವು, ಅನುವಾದಗಳು ನಡೆದಿದ್ದವು. ಎರಡು ಸಾಮ್ರಾಜ್ಯಗಳಲ್ಲಿ ಹಂಚಿಹೋದ ಜನ ಒಂದೇ ಪುಸ್ತಕ ಓದುವಂತಾಯಿತು. ಆ ಅನುವಾದಕರಿಂದ ಹೊರಗಿನವರಿಗೂ ಲಾಭವಾಗಿದೆ. ಗ್ರೀಕ್‌ನಲ್ಲಿ ಬರೆದ ಕ್ರೈಸ್ತ ಇತಿಹಾಸಕಾರ ಯುಸೇಬಿಯಸ್‌ನ 'ಕ್ರಾನಿಕಲ್' ಎಂಬ ಕಾಲಾನುಕ್ರಮದ ಚರಿತ್ರೆಯ ಮೊದಲ ಭಾಗದ ಗ್ರೀಕ್ ಮೂಲ ಕಳೆದುಹೋಗಿದೆ. ಅದು ಇಂದು ಸಿಗುವುದು ಅರ್ಮೇನಿಯನ್‌ನಲ್ಲಿ.

ಮುಂದೆ ಈ ಜನ ಎಲ್ಲಿಗೆ ಹೋದರೂ ಲಿಪಿಯೂ ಜೊತೆಗೆ ಹೋಯಿತು. ಮೊದಲ ಅರ್ಮೇನಿಯನ್ ಪುಸ್ತಕ ಅಚ್ಚಾದದ್ದು 1512ರಲ್ಲಿ, ವೆನಿಸ್‌ನಲ್ಲಿ. ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದಾರಾರ್' ಹೊರಬಂದದ್ದು 1794ರಲ್ಲಿ, ನಮ್ಮ ಪಕ್ಕದ ಮದ್ರಾಸಿನಲ್ಲಿ. ಅಲ್ಲಿನ ಅರ್ಮೇನಿಯನ್ ವ್ಯಾಪಾರಿಗಳ ನಡುವೆ ಇದ್ದ ಪಾದ್ರಿ ಹರುತ್ಯೂನ್ ಶ್ಮಾವೋನ್ಯಾನ್ ಅದನ್ನು ಅಚ್ಚು ಹಾಕಿಸುತ್ತಿದ್ದರು.