ಸ್ನೂಜ್ ಪಟ್ಟಿಯಲ್ಲಿ 12 ನಿಮಿಷ ಯಾಕಿಲ್ಲ?

ಪ್ರಶ್ನೆ: ಆಫೀಸಿನ ಕಂಪ್ಯೂಟರಿನಲ್ಲಿ ಔಟ್‌ಲುಕ್ (ಮೇಲ್ ಮತ್ತು ಕ್ಯಾಲೆಂಡರ್ ಪ್ರೋಗ್ರಾಂ) ರಿಮೈಂಡರ್ ಬಂದಾಗ ಸ್ನೂಜ್, ಅಂದರೆ "ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೆನಪಿಸು", ಪಟ್ಟಿಯಲ್ಲಿ 5, 10, 15 ನಿಮಿಷ ಅಂತ ಇರುತ್ತೆ. ನನಗೆ 12 ನಿಮಿಷ ಬೇಕು. ಸೇರಿಸೋದು ಹೇಗೆ?

ಈ ತಿಂಗಳಲ್ಲಿ ಇದು ನಾಲ್ಕನೇ ಸಲ. ಒಬ್ಬರಂತೂ ಮುಂಬೈನ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕದ ಇಂಟರ್ವಲ್ ಹೊತ್ತಿಗೆ ನನ್ನನ್ನು ಹಿಡಿದು ಕೇಳಿದರು. ನನ್ನ ಕಾಫಿ ಆರಿತು. ಅದಕ್ಕೇ ಈ ಸಲ ಬರೆದೇ ಬಿಡುತ್ತಿದ್ದೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಉತ್ತರ ಎರಡು ಸಾಲಿನದು. ವಿಂಡೋಸ್‌ನ ಹಳೇ ಔಟ್‌ಲುಕ್‌ನಲ್ಲಿ ಆ ಸ್ನೂಜ್ ಡಬ್ಬಿ ಬರೀ ಪಟ್ಟಿ ಅಲ್ಲ, ಅದರೊಳಗೆ ಟೈಪ್ ಕೂಡ ಮಾಡಬಹುದು. ಬಾಣದ ಗುರುತು ಒತ್ತುವ ಬದಲು ಅಲ್ಲಿರುವ ಅಕ್ಷರಗಳನ್ನು ಅಳಿಸಿ, ಇಂಗ್ಲಿಷಿನಲ್ಲಿ 12 ಮಿನಿಟ್ಸ್ ಅಂತ ಬರೆದು ಸ್ನೂಜ್ ಒತ್ತಿ. ಆಯ್ತು. ಇದಕ್ಕೆ ಐಟಿಯವರ ಅನುಮತಿ ಬೇಡ, ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ಮುಟ್ಟೋದು ಬೇಡ, ಎಲ್ಲಿಂದಲೋ ಒಂದು ಆಡ್-ಇನ್ ತಂದು ಹಾಕೋದಂತೂ ಬೇಡವೇ ಬೇಡ. ಪಟ್ಟಿಯಲ್ಲಿ 12 ಖಾಯಂ ಆಗಿ ಕೂರೋದಿಲ್ಲ, ಬೇಕಾದಾಗ ಟೈಪ್ ಮಾಡಬೇಕು. ಅಷ್ಟೇ ಕಷ್ಟ.

ಆದರೆ 12 ಯಾಕೆ ಅಂತ ಕೇಳಿದಾಗ ಗೊತ್ತಾಗಿದ್ದೇ ಬೇರೆ. ಅವರಿಗೆ ಡೆಸ್ಕಿನಿಂದ ಎದ್ದು ಪ್ಲಾಟ್‌ಫಾರ್ಮ್ ಮುಟ್ಟೋಕೆ 12 ನಿಮಿಷ ಬೇಕು. ಅಂದರೆ ಅವರು ಕೇಳ್ತಿರೋದು "ಈಗಿನಿಂದ 12 ನಿಮಿಷ" ಅಲ್ಲ, "ಫಾಸ್ಟ್ ಲೋಕಲ್ ರೈಲಿಗೆ 12 ನಿಮಿಷ ಮೊದಲು". ಎರಡೂ ಒಂದೇ ಅಲ್ಲ ಮಾರಾಯ್ರೆ! ಎರಡನೆಯದು ಬೇಕಿದ್ದರೆ ಸ್ನೂಜ್ ಬಿಟ್ಟು ಆ ಎಂಟ್ರಿಯನ್ನೇ ತೆರೆಯಿರಿ. ಅದರ ರಿಮೈಂಡರ್ ಡಬ್ಬಿಯಲ್ಲಿ 15 ಅಂತ ಇರುತ್ತೆ. ಅಲ್ಲೂ ಟೈಪ್ ಮಾಡಬಹುದು, 12 ಮಾಡಿ. ಸಮಯ ಇನ್ನೂ ಆಗದ ಎಂಟ್ರಿಗಳಿಗೆ ಸ್ನೂಜ್ ಪಟ್ಟಿಯಲ್ಲೇ "ಶುರುವಾಗೋಕೆ 5 ನಿಮಿಷ ಮೊದಲು", "10 ನಿಮಿಷ ಮೊದಲು" ಅನ್ನುವ ಆಯ್ಕೆಗಳೂ ಇರುತ್ತವೆ. ಅವನ್ನು ಯಾರೂ ಓದೋದೇ ಇಲ್ಲ. "0 ಗಂಟೆ ಮೊದಲು" ಅಂತ ಒಂದಿದೆ. ಅದು ತಪ್ಪಲ್ಲ, ಸರಿಯಾಗಿ ಆ ಹೊತ್ತಿಗೇ ನೆನಪಿಸು ಅಂತ ಅರ್ಥ.

ಥಂಡರ್‌ಬರ್ಡ್ ಅನ್ನುವ ಇನ್ನೊಂದು ಮೇಲ್ ಪ್ರೋಗ್ರಾಂ ಬಳಸುವವರ ಪಾಡು ಇನ್ನೂ ಸುಲಭ. ಸೆಟ್ಟಿಂಗ್ಸ್‌ನ ಕ್ಯಾಲೆಂಡರ್ ಭಾಗದಲ್ಲಿ ರಿಮೈಂಡರ್ಸ್ ಕೆಳಗೆ ಸ್ನೂಜ್ ಎಷ್ಟು ನಿಮಿಷ ಅಂತ ಕೇಳುತ್ತೆ. 5 ಇರುತ್ತೆ, ಬದಲಿಸಿ. ಗೂಗಲ್ ಕ್ಯಾಲೆಂಡರ್ ದಾರಿ ಬೇರೆ. ಅಲ್ಲಿ ಡೆಸ್ಕ್‌ಟಾಪ್ ನೋಟಿಫಿಕೇಶನ್ ಆನ್ ಮಾಡಿದರೆ, ಸ್ನೂಜ್ ಮಾಡಿದ್ದನ್ನು ಶುರುವಾಗೋಕೆ ಎಷ್ಟು ನಿಮಿಷ ಮೊದಲು ತೋರಿಸಬೇಕು ಅಂತ ಒಂದೇ ಸಲ ಹೇಳಿಡಬಹುದು. ಲೋಕಲ್ ಹಿಡಿಯುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಬ್ರೌಸರಿನಲ್ಲಿ ಕ್ಯಾಲೆಂಡರ್ ತೆರೆದಿರಬೇಕು ಅನ್ನೋದನ್ನು ಮಾತ್ರ ಮರೆಯಬೇಡಿ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕೇಳಿದ ನಾಲ್ವರಲ್ಲಿ ಮೂವರು, ಉತ್ತರ ಸಿಕ್ಕ ಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದರು: "ಅಲ್ಲಾ, ಸ್ನೂಜ್ ಒತ್ತಿದರೆ ಮೀಟಿಂಗ್ ಮುಂದಕ್ಕೆ ಹೋಗುತ್ತಲ್ವಾ? ಬಾಸ್‌ಗೆ ಗೊತ್ತಾಗಲ್ವಾ?"

ಇಲ್ಲ. ಹೋಗಲ್ಲ. ಗೊತ್ತಾಗಲ್ಲ.

ಡೊಂಬಿವಲಿಯ ನಮ್ಮ ಸೊಸೈಟಿಯ ಸೆಕ್ರೆಟರಿ ಇದನ್ನು ನಂಬದೆ ಎರಡು ವರ್ಷ ಕಳೆದಿದ್ದಾರೆ. ರಿಮೈಂಡರ್ ಬಂತೋ, ಸ್ನೂಜ್ ಮುಟ್ಟದೆ, ಕಿಟಕಿಯನ್ನು ಪರದೆಯ ಮೂಲೆಗೆ ತಳ್ಳಿ ಅದರ ಪಕ್ಕದಲ್ಲೇ ಕೆಲಸ ಮಾಡುತ್ತಾರೆ. ಡಿಸ್‌ಮಿಸ್ ಒತ್ತಿದರೆ ಮೀಟಿಂಗೇ ರದ್ದಾಗುತ್ತೆ ಅಂತ ಅವರ ಇನ್ನೊಂದು ಭಯ. ಅದೂ ಸುಳ್ಳು. ಡಿಸ್‌ಮಿಸ್ ಅಂದರೆ "ಗೊತ್ತಾಯ್ತು, ಇನ್ನು ಸುಮ್ನಿರು" ಅಂತ, ಅಷ್ಟೇ.

ಅವರಿಗೆ ನಾನು ಹೇಳಿದ್ದು ಹೀಗೆ. ಬೆಳಿಗ್ಗೆ ಫಾಸ್ಟ್‌ನಲ್ಲಿ ಸೀಟು ಸಿಕ್ಕಿದೆ. ಪಕ್ಕದವರಿಗೆ "ಘಾಟ್ಕೋಪರ್ ಬಂದಾಗ ಎಬ್ಬಿಸಿ, ದಾದರ್‌ನಲ್ಲಿ ಇಳೀಬೇಕು" ಅಂತ ಹೇಳಿ ಕಣ್ಣು ಮುಚ್ಚಿದಿರಿ. ಘಾಟ್ಕೋಪರ್ ಬಂತು. ಅವರು ಭುಜ ತಟ್ಟಿದರು. "ಇನ್ನೆರಡು ನಿಮಿಷ ಬಿಟ್ಟು ಎಬ್ಬಿಸಿ" ಅಂದಿರಿ. ಅಷ್ಟಕ್ಕೇ ಮೋಟರ್‌ಮನ್ ಗಾಡಿ ನಿಧಾನ ಮಾಡ್ತಾನಾ? ದಾದರ್ ಎರಡು ನಿಮಿಷ ಆಚೆ ಸರಿಯುತ್ತಾ? ಮಾತು ಆಗಿದ್ದು ನಿಮಗೂ ಪಕ್ಕದವರಿಗೂ ನಡುವೆ. ರೈಲಿಗೆ ಅದು ಕೇಳಿಸಿಯೇ ಇಲ್ಲ.

ಕಂಪ್ಯೂಟರಿನೊಳಗೂ ಹೀಗೇ. ಬೇರೆ ಬೇರೆ ಪ್ರೋಗ್ರಾಂಗಳು ಕ್ಯಾಲೆಂಡರ್ ಎಂಟ್ರಿಗಳನ್ನು ಹಂಚಿಕೊಳ್ಳೋಕೆ ಐಕ್ಯಾಲೆಂಡರ್ ಅನ್ನುವ ಒಂದು ಪದ್ಧತಿ 1998ರಲ್ಲೇ ಬಂತು, 2009ರಲ್ಲಿ ಅದನ್ನು ತಿದ್ದಿ ಬರೆದರು. ಅದರಲ್ಲಿ ಮೀಟಿಂಗ್ ಶುರುವಾಗುವ ಹೊತ್ತು ಒಂದು ಸಾಲು. ಗಂಟೆ ಬಾರಿಸೋದು ಯಾವಾಗ ಅನ್ನೋದು ಬೇರೆಯೇ ಒಂದು ತುಂಡು. ಸ್ನೂಜ್ ಮುಟ್ಟೋದು ಗಂಟೆಯ ವಿಷಯ ಮಾತ್ರ. ಆಹ್ವಾನ ಕೊಟ್ಟವರಿಗೆ ನಿಮ್ಮಿಂದ ಹೋಗುವ ಉತ್ತರಗಳೂ ಲೆಕ್ಕದವು: ಬರ್ತೀನಿ, ಬರಲ್ಲ, ಬಂದರೂ ಬರಬಹುದು, ಬೇರೆ ಸಮಯ ಇಟ್ಟುಕೊಳ್ಳೋಣವೇ, ಹೀಗೆ. "ನಾನು ಸ್ನೂಜ್ ಒತ್ತಿದೆ" ಅನ್ನುವ ಉತ್ತರವೇ ಅದರಲ್ಲಿ ಇಲ್ಲ! ಆಫೀಸಿನ ಔಟ್‌ಲುಕ್‌ನಲ್ಲಂತೂ ಮೀಟಿಂಗ್‌ಗೆ ಕರೆಸಿಕೊಂಡ ಪ್ರತಿಯೊಬ್ಬರ ಕ್ಯಾಲೆಂಡರಿನಲ್ಲೂ ಅವರವರದೇ ಒಂದು ಪ್ರತಿ ಇರುತ್ತೆ. ನಿಮ್ಮ ಪ್ರತಿಯ ಗಂಟೆ ನಿಮಗೆ, ಬಾಸ್‌ನ ಗಂಟೆ ಬಾಸ್‌ಗೆ.

ಈ ಭಯದ ಹೊಗೆ ಎಲ್ಲಿಂದ ಬಂತು ಅಂತಲೂ ಹೇಳಿಬಿಡುತ್ತೇನೆ. ಔಟ್‌ಲುಕ್‌ನಲ್ಲಿ ಬೇರೆ ಸಮಯ ಸೂಚಿಸುವ ಬಟನ್ ನಿಜಕ್ಕೂ ಇದೆ, ಅದು ಕರೆದವರಿಗೆ ಮೇಲ್ ಕಳಿಸುತ್ತೆ. ಅದನ್ನೂ ಇದನ್ನೂ ಜನ ಬೆರೆಸಿಕೊಂಡಿದ್ದಾರೆ. ಇನ್ನೊಂದು, ಒಂದೇ ಅಕೌಂಟನ್ನು ಇಬ್ಬರು ಬಳಸುವ ಮನೆಗಳು. ಗಂಡ ಲ್ಯಾಪ್‌ಟಾಪಿನಲ್ಲಿ ಮುಂದೂಡಿದ ರಿಮೈಂಡರ್ ಹೆಂಡತಿಯ ಕಂಪ್ಯೂಟರಿನಲ್ಲೂ ಮುಂದೆ ಹೋಗಿರಬಹುದು. 2021ರಲ್ಲಿ ಐಕ್ಯಾಲೆಂಡರ್ ಪದ್ಧತಿಗೇ ಇದನ್ನು ಸೇರಿಸಿದ್ದಾರೆ. ಒಂದು ಕಡೆ ಸುಮ್ಮನಾಗಿಸಿದ್ದು ಅದೇ ಅಕೌಂಟಿನ ಇನ್ನೊಂದು ಕಡೆ ಮತ್ತೆ ಕಿರುಚಬಾರದು ಅಂತ. ಅಲ್ಲೂ ಸರಿಯೋದು ಗಂಟೆಯೇ, ಎಂಟ್ರಿ ಅಲ್ಲ.

ಇಷ್ಟು ಹೇಳಿದ ಮೇಲೂ ಸೆಕ್ರೆಟರಿಯವರು ತಲೆ ಅಲ್ಲಾಡಿಸಿದರು. ಸರಿ, ಪರೀಕ್ಷೆ ಮಾಡೋಣ ಅಂದೆ. ನನ್ನ ಕಂಪ್ಯೂಟರಿನಿಂದ ಅವರಿಗೊಂದು ಆಹ್ವಾನ ಕಳಿಸಿದೆ. ಅವರು ಆರು ಸಲ ಸ್ನೂಜ್ ಒತ್ತಿದರು, ಕೊನೇದು ಎರಡು ವಾರಕ್ಕೆ. ನನ್ನ ಪರದೆಯಲ್ಲಿ ಒಂದು ಅಕ್ಷರ ಅಲುಗಲಿಲ್ಲ. ಮೇಲ್ ಬರಲಿಲ್ಲ. ನೀವೂ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಭಯ ಪಡಲೇಬೇಕು ಅಂದರೆ ಬೇರೆ ಕಾರಣಗಳಿವೆ. ಔಟ್‌ಲುಕ್ ಮುಚ್ಚಿದ್ದರೆ ಅದರ ಸ್ನೂಜ್ ಸದ್ದು ಮಾಡೋದಿಲ್ಲ. ಲ್ಯಾಪ್‌ಟಾಪ್ ಮಡಚಿ ಊಟಕ್ಕೆ ಹೋಗಿ ಬಂದರೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ, ಹೊತ್ತು ಮೀರಿ ಎರಡು ಗಂಟೆ ಆಯ್ತು ಅಂತ. ಆಗ ಸಿಟ್ಟಿನಲ್ಲಿ ಡಿಸ್‌ಮಿಸ್ ಆಲ್ ಒತ್ತುತ್ತೀರಿ, ಆ ಪಟ್ಟಿಯಲ್ಲಿ ಸಂಜೆಯದೂ ಇದ್ದರೆ ಅದೂ ಜೊತೆಗೇ ಹೋಗುತ್ತೆ.

ಯಾರೂ ಕೇಳದ ಇನ್ನೊಂದು ವಿಷಯ. ಔಟ್‌ಲುಕ್‌ನಲ್ಲಿ ಇಡೀ ದಿನದ ಎಂಟ್ರಿ ಹಾಕಿದರೆ ರಿಮೈಂಡರ್ ತಾನಾಗಿಯೇ 18 ಗಂಟೆ ಮೊದಲಿಗೆ ಕೂರುತ್ತೆ. ದಿನ ಶುರುವಾಗೋದು ಮಧ್ಯರಾತ್ರಿ. ಅಲ್ಲಿಂದ 18 ಗಂಟೆ ಹಿಂದೆ ಅಂದರೆ ಹಿಂದಿನ ದಿನ ಬೆಳಿಗ್ಗೆ 6. ಕಂಪ್ಯೂಟರ್ ಆನ್ ಆದ ಕೂಡಲೇ ಎದುರಿಗೆ ನಿಂತಿರುತ್ತೆ, ಮತ್ತೆ ನಾವು ಹೆಸರು ಓದುತ್ತೇವೆ, ತಾರೀಖು ಓದೋದಿಲ್ಲ. ಸೆಕ್ರೆಟರಿಯವರು ಸಂಕಷ್ಟಿಯನ್ನು ಹೀಗೆ ಹಾಕಿಕೊಂಡು, ಒಂದು ದಿನ ಮೊದಲೇ ಮನೆಯಲ್ಲಿ ಉಪವಾಸದ ಸಾಬುದಾಣಿ (ಸಬ್ಬಕ್ಕಿ) ನೆನೆಹಾಕಿಸಿದ್ದರು. ಅವರ ಹೆಂಡತಿ ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ತೋರಿಸಿದ ಮೇಲೆ ಗೊತ್ತಾಯ್ತು.

ಇದಕ್ಕೆ ಇಡೀ ದಿನದ ಎಂಟ್ರಿ ಬೇಡ ಅಂದೆ. ಕಾಲನಿರ್ಣಯದಲ್ಲಿ ಚಂದ್ರೋದಯದ ಹೊತ್ತು ಅಚ್ಚಾಗಿರುತ್ತಲ್ಲ, ಅದೇ ಹೊತ್ತಿಗೆ ಒಂದು ಎಂಟ್ರಿ ಹಾಕಿ, ರಿಮೈಂಡರ್ ನಿಮಗೆ ಬೇಕಾದಷ್ಟು ಮೊದಲಿಡಿ. ಅವರು ಪೆನ್ನು ತೆಗೆದು ಬರೆದುಕೊಂಡರು. ಬರೆದಿದ್ದನ್ನು ಇನ್ನೊಮ್ಮೆ ಓದಿ, ದನಿ ತಗ್ಗಿಸಿ ಕೇಳಿದರು: "ಇದಕ್ಕೆ ಸ್ನೂಜ್ ಒತ್ತಿದರೆ ಚಂದ್ರ ತಡವಾಗಿ ಬರಲ್ಲ ತಾನೇ?"