ಮೆಷಿನ್ ಕೆಟ್ಟರೂ ಲೀಸ್ ಕಂತು ಯಾಕೆ ನಿಲ್ಲುವುದಿಲ್ಲ?

ಮೆಷಿನ್ ಲೀಸ್‌ಗೆ ತೆಗೆದುಕೊಂಡವರು ನನ್ನ ಹತ್ತಿರ ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ಮೆಷಿನ್ ಕೆಟ್ಟು ಕೂತಿದೆ, ಕಂತು ನಿಲ್ಲಿಸಬಹುದಾ? ಬೇಡ ಅಂದರೆ ಸಿಟ್ಟು ಬರುತ್ತದೆ. ಕೆಲಸಕ್ಕೆ ಬಾರದ ವಸ್ತುವಿಗೆ ಯಾಕೆ ದುಡ್ಡು ಕೊಡಬೇಕು, ಅಲ್ವಾ?

ಫೈನಾನ್ಸ್ ಲೀಸ್‌ನಲ್ಲಿ ಮೂರು ಪಾರ್ಟಿ ಇರುತ್ತಾರೆ: ಮೆಷಿನ್ ಮಾರುವವರು, ಅದನ್ನು ಕೊಳ್ಳುವ ಲೀಸ್ ಕಂಪನಿ, ಬಳಸುವ ನೀವು. ಯಾವ ಮಾಡೆಲ್, ಯಾರಿಂದ ಅಂತ ಆರಿಸಿದ್ದು ನೀವೇ. ಲೀಸ್ ಕಂಪನಿಯವರು ಎಷ್ಟೋ ಸಲ ಆ ಮೆಷಿನ್ನನ್ನು ಕಣ್ಣಿಂದಲೂ ನೋಡಿರುವುದಿಲ್ಲ. ಅವರು ಹಾಕಿದ್ದು ದುಡ್ಡು, ಅವರಿಗೆ ವಾಪಸ್ ಬೇಕಾಗಿರುವುದೂ ದುಡ್ಡೇ. ಅದಕ್ಕೇ ಏನೇ ಆದರೂ ಕಂತು ಕಟ್ಟಲೇಬೇಕು ಎಂಬ ಷರತ್ತು ಕರಾರಿನಲ್ಲಿ ಕೂತಿರುತ್ತದೆ. ಅಮೆರಿಕದ ವ್ಯಾಪಾರ ಕಾನೂನಾದ ಯೂನಿಫಾರ್ಮ್ ಕಮರ್ಷಿಯಲ್ ಕೋಡ್‌ನ 2ಎ ಭಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮನೆಬಳಕೆಯ ಲೀಸ್ ಬಿಟ್ಟರೆ, ವ್ಯಾಪಾರದ ಫೈನಾನ್ಸ್ ಲೀಸ್‌ನಲ್ಲಿ ಆ ಷರತ್ತು ಬರೆಯದಿದ್ದರೂ, ನೀವು ಮೆಷಿನ್ ಒಪ್ಪಿಕೊಂಡ ಕೂಡಲೇ ಕಂತಿನ ಹೊಣೆ ಗಟ್ಟಿಯಾಗುತ್ತದೆ.

ಹಾಗಾಗಿ ಇಡೀ ಫೈಲಿನಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವುದು ದಪ್ಪ ಕರಾರಲ್ಲ, 'ಮೆಷಿನ್ ಬಂದಿದೆ, ಸರಿಯಾಗಿದೆ, ಒಪ್ಪಿಕೊಂಡಿದ್ದೇನೆ' ಎಂದಿರುವ ಒಂದು ಪುಟದ ಸ್ವೀಕೃತಿ ಪತ್ರ. ಡೆಲಿವರಿ ಕಾಗದಗಳ ಜೊತೆ ಅದೂ ಬರುತ್ತದೆ, ಪ್ಲಗ್ ಹಾಕುವ ಮುಂಚೆಯೇ ಜನ ಸಹಿ ಹಾಕಿ ಕೊಟ್ಟುಬಿಡುತ್ತಾರೆ. ತಂದವರು ಅವಸರ ಮಾಡುವುದಕ್ಕೂ ಕಾರಣ ಇದೆ. ಸಾಮಾನ್ಯವಾಗಿ ಆ ಸಹಿ ನೋಡಿದ ಮೇಲೇ ಲೀಸ್ ಕಂಪನಿ ಅವರಿಗೆ ಹಣ ಬಿಡುಗಡೆ ಮಾಡುತ್ತದೆ. ನೀವು ಅವಸರ ಮಾಡಬೇಡಿ. ಓಡಿಸಿ ನೋಡಿ, ಕೊರತೆ ಕಂಡರೆ ಅದೇ ಕಾಗದದ ಮೇಲೆ ಬರೆಯಿರಿ, ಇಲ್ಲವೇ ಸಹಿಯನ್ನೇ ಹಾಕಬೇಡಿ.

ಸಹಿ ಹಾಕಿದ ಮೇಲೆ ಮೆಷಿನ್ ಕೆಟ್ಟರೆ ಮಾರಿದವರನ್ನು ಕೇಳಬೇಕು. ಆದರೆ ಮಾರಾಟದ ಕರಾರು ಆಗಿದ್ದು ಅವರಿಗೂ ಲೀಸ್ ಕಂಪನಿಗೂ, ನಿಮ್ಮ ಹೆಸರು ಅದರಲ್ಲಿ ಇಲ್ಲ. ಈ ಗಂಟನ್ನು ಬಿಡಿಸಲೆಂದೇ 1988ರ ಒಟ್ಟಾವಾ ಅಂತರರಾಷ್ಟ್ರೀಯ ಒಪ್ಪಂದ, ಮಾರಿದವರ ಹೊಣೆ ಬಳಸುವವರಿಗೂ ಸಲ್ಲುತ್ತದೆ ಎಂದು ಹೇಳಿತು. ಅದು ಎಲ್ಲ ಕಡೆ ಜಾರಿಯಲ್ಲಿಲ್ಲ. ಅದನ್ನು ನಂಬಿ ಕೂರುವ ಬದಲು, ವಾರಂಟಿಯ ಹಕ್ಕು ನನಗೆ ವರ್ಗವಾಗಿದೆ ಎಂಬ ಒಂದು ಸಾಲನ್ನು ನಿಮ್ಮ ಕರಾರಿನಲ್ಲೇ ಹಾಕಿಸಿ.

ಇನ್ನೊಂದು ವಿಷಯ, ಕಾಗದದ ಮೇಲೆ ಲೀಸ್ ಅಂತ ಬರೆದ ಮಾತ್ರಕ್ಕೆ ಅದು ಲೀಸ್ ಆಗುವುದಿಲ್ಲ. ನಡುವೆ ಬಿಡುವ ಹಾಗಿಲ್ಲ, ಕೊನೆಗೆ ಹೆಸರಿಗೊಂದು ಪುಡಿಗಾಸು ಕೊಟ್ಟರೆ ಮೆಷಿನ್ ನಿಮ್ಮದೇ ಎಂದಿದ್ದರೆ, ಅದೇ ಅಮೆರಿಕದ ಕಾನೂನು ಅದನ್ನು ಮೆಷಿನ್ ಅಡ ಇಟ್ಟು ಪಡೆದ ಸಾಲ ಎಂದೇ ನೋಡುತ್ತದೆ. ಯಾರಾದರೂ ದಿವಾಳಿ ಎದ್ದಾಗ ಮೆಷಿನ್ ಯಾರ ಕೈಗೆ ಹೋಗುತ್ತದೆ ಎಂಬುದು ಇದರ ಮೇಲೆ ನಿಂತಿರುತ್ತದೆ. ಲೆಕ್ಕಪತ್ರದ ನಿಯಮ ಬೇರೆ. 2019ರಿಂದ ಜಾರಿಯಾದ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 16ರ ಪ್ರಕಾರ, ಕಡಿಮೆ ಬೆಲೆಯವು ಮತ್ತು 12 ತಿಂಗಳೊಳಗಿನವನ್ನು ಹೊರಗಿಡಬಹುದು, ಉಳಿದ ಹೆಚ್ಚಿನ ಲೀಸ್‌ಗಳು ಬಳಸುವವರ ಬ್ಯಾಲೆನ್ಸ್ ಶೀಟ್‌ಗೆ ಬರುತ್ತವೆ.

ಕೊನೆಯ ಪುಟಗಳನ್ನೂ ಓದಿ. ಅವಧಿ ಮುಗಿಯುವ ಮುಂಚೆ ನೋಟಿಸ್ ಕೊಡದಿದ್ದರೆ ಲೀಸ್ ತಾನಾಗೇ ಮುಂದುವರಿಯುವ ಷರತ್ತು ಅಲ್ಲೆಲ್ಲೋ ಅಡಗಿರಬಹುದು. ಇದ್ದರೆ ನೋಟಿಸ್ ಕೊಡುವ ಕೊನೆಯ ದಿನವನ್ನು ಇವತ್ತೇ ಗುರುತು ಹಾಕಿಕೊಳ್ಳಿ.