ಕಟ್ಟಡ ನಿವೇಶನದ ಕೆಂಪು ನೀರು: ಮಣ್ಣಿನ ಸವಕಳಿ, ಹೂಳು ಮತ್ತು ಮಾಲಿನ್ಯ ತಡೆ ಕುರಿತ ಅಧ್ಯಯನ ಟಿಪ್ಪಣಿ

ಪಾಯ ತೆಗೆಯುತ್ತಿರುವ ನಿವೇಶನದಿಂದ ಮಳೆಗಾಲದಲ್ಲಿ ಹೊರಬರುವ ಕೆಂಪು ನೀರನ್ನು ಬೆಂಗಳೂರಿನಲ್ಲಿ ನೋಡದವರಿಲ್ಲ. ಆ ನೀರು ಬೀದಿಯ ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ ಸೇರುತ್ತದೆ. ನಿವೇಶನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿದ್ದರೆ ಅದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯ ಕಡೆಗೂ, ವೃಷಭಾವತಿ ಕಣಿವೆಯಲ್ಲಿದ್ದರೆ ಅರ್ಕಾವತಿಯ ಮೂಲಕ ಕಾವೇರಿಯ ಕಡೆಗೂ ಹೋಗುತ್ತದೆ. ಇದನ್ನು ತಡೆಯುವ ಸಾಧನಗಳ ಹೆಸರುಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಆದರೆ ಅವುಗಳಲ್ಲಿ ಯಾವುದು ಮೊದಲು, ಯಾವುದು ಕೊನೆಗೆ, ಏಕೆ ಎಂಬುದು ಹೆಸರುಗಳ ಪಟ್ಟಿಯಿಂದ ತಿಳಿಯುವುದಿಲ್ಲ. ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಈ ಟಿಪ್ಪಣಿಯನ್ನು ಆ ಲೆಕ್ಕದ ಸುತ್ತಲೇ ಬರೆದಿದ್ದೇನೆ.

ಮಣ್ಣು ಕದಲುವುದು ಹೇಗೆ

ಸವಕಳಿ ಆರಂಭವಾಗುವುದು ಹರಿಯುವ ನೀರಿನಿಂದಲ್ಲ, ಬೀಳುವ ಹನಿಯಿಂದ. ಸುಮಾರು 5 ಮಿ.ಮೀ. ವ್ಯಾಸದ ದಪ್ಪ ಹನಿ ಸೆಕೆಂಡಿಗೆ ಹತ್ತಿರಹತ್ತಿರ 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಹುಲ್ಲೋ ತರಗೆಲೆಯೋ ಇಲ್ಲದ ಬೆತ್ತಲೆ ನೆಲದಲ್ಲಿ ಆ ಹೊಡೆತ ಮಣ್ಣಿನ ಹೆಂಟೆಯನ್ನು ಒಡೆದು ಕಣಗಳನ್ನು ಚಿಮ್ಮಿಸುತ್ತದೆ. ಚಿಮ್ಮಿದ ಸಣ್ಣ ಕಣಗಳು ನೆಲದ ರಂಧ್ರಗಳನ್ನು ಮುಚ್ಚುವುದರಿಂದ ನೀರು ಇಂಗುವುದು ಕಡಿಮೆಯಾಗಿ, ಇಂಗದ ನೀರು ತೆಳು ಪದರವಾಗಿ ಜಾರತೊಡಗುತ್ತದೆ. ಮುಂದೆ ಅದು ಬೆರಳಗಲದ ಸೀಳುಗಳಲ್ಲಿ ಕೂಡಿಕೊಂಡು, ಕೊನೆಗೆ ಆಳವಾದ ಕೊರಕಲು ತೆಗೆಯುತ್ತದೆ.

ಮಣ್ಣಿನ ನಷ್ಟವನ್ನು ಅಂದಾಜಿಸಲು ವಿಶ್‌ಮೈಯರ್ ಮತ್ತು ಸ್ಮಿತ್ ರೂಪಿಸಿದ ಸಮೀಕರಣ ಮಳೆಯ ಬಲ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದು, ನೆಲದ ಹೊದಿಕೆ, ಸಂರಕ್ಷಣಾ ಕ್ರಮ ಇವನ್ನು ಒಂದಕ್ಕೊಂದು ಗುಣಿಸುತ್ತದೆ. ಅದು ಮೂಲತಃ ಹೊಲಗಳಿಗಾಗಿ, ವಾರ್ಷಿಕ ಸರಾಸರಿಗಾಗಿ ಹುಟ್ಟಿದ್ದು. ಒಂದು ಮಳೆಯ ಲೆಕ್ಕಕ್ಕೆ ಅದನ್ನು ಬಳಸಬಾರದು. ಆದರೂ ಅದು ಕಲಿಸುವ ಮುಖ್ಯ ವಿಷಯವೆಂದರೆ, ಮಳೆಯನ್ನೂ ಮಣ್ಣನ್ನೂ ಬದಲಾಯಿಸಲು ನಮ್ಮಿಂದಾಗದಿದ್ದರೂ ಹೊದಿಕೆ ನಮ್ಮ ಕೈಯಲ್ಲಿದೆ. ಬೆತ್ತಲೆ ನೆಲದ ಹೊದಿಕೆ ಅಂಶ 1. ಹುಲ್ಲನ್ನು ದಟ್ಟವಾಗಿ ಹರಡಿದರೆ ಅದು 0.1ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಬೇರೇನೂ ಬದಲಾಗದೆ ನಷ್ಟ ಹತ್ತನೆಯ ಒಂದು ಭಾಗಕ್ಕೆ ಬರುತ್ತದೆ.

ಎಲ್ಲವನ್ನೂ ತೀರ್ಮಾನಿಸುವ ಲೆಕ್ಕ

ಒಂದು ಹೆಕ್ಟೇರ್ ನಿವೇಶನವನ್ನು ತೆಗೆದುಕೊಳ್ಳೋಣ. ಗಂಟೆಗೆ 60 ಮಿ.ಮೀ. ತೀವ್ರತೆಯ ಮಳೆ, ಅದರಲ್ಲಿ ಅರ್ಧ ಹರಿದುಹೋಗುತ್ತದೆ ಎಂದಿಟ್ಟುಕೊಂಡರೆ ಹರಿವು ಸೆಕೆಂಡಿಗೆ ಸುಮಾರು 83 ಲೀಟರ್, ಗಂಟೆಗೆ 300 ಘನ ಮೀಟರ್. ಈ ನೀರನ್ನು ಹೂಳುಗುಂಡಿಗೆ ಬಿಟ್ಟು ಕಣಗಳನ್ನು ತಳಕ್ಕಿಳಿಸಬೇಕಾದರೆ ಗುಂಡಿಯ ಮೇಲ್ಮೈ ಎಷ್ಟಿರಬೇಕು? ಹರಿವನ್ನು ಕಣ ಇಳಿಯುವ ವೇಗದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಸ್ಟೋಕ್ಸ್ ನಿಯಮದಂತೆ ಈ ವೇಗ ಕಣದ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಕಣ ಹತ್ತು ಪಟ್ಟು ಸಣ್ಣದಾದರೆ ಅದು ನೂರು ಪಟ್ಟು ನಿಧಾನವಾಗಿ ಇಳಿಯುತ್ತದೆ. 0.1 ಮಿ.ಮೀ.ನ ನುಣ್ಣನೆಯ ಮರಳು ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. 0.01 ಮಿ.ಮೀ.ನ ರೇವೆಮಣ್ಣಿಗೆ ಮೂರು ಗಂಟೆ ಬೇಕು. 0.002 ಮಿ.ಮೀ.ನ ಜೇಡಿಕಣಕ್ಕೆ ಮೂರು ದಿನಕ್ಕೂ ಹೆಚ್ಚು ಬೇಕು.

ಇದರಂತೆ ಮರಳನ್ನು ಹಿಡಿಯಲು ಹತ್ತು ಚದರ ಮೀಟರಿನ ಗುಂಡಿ ಸಾಕು. ರೇವೆಮಣ್ಣಿಗೆ 900 ಚದರ ಮೀಟರಿಗಿಂತ ಹೆಚ್ಚು ಬೇಕು. ಜೇಡಿಗೆ ಬೇಕಾಗುವುದು 23,000 ಚದರ ಮೀಟರ್, ಅಂದರೆ ನಿವೇಶನದ ಎರಡು ಪಟ್ಟಿಗಿಂತ ದೊಡ್ಡ ಗುಂಡಿ! ಈ ಕೊನೆಯ ಅಂಕಿಯನ್ನು ಕಂಡ ದಿನ ನನಗೆ ಈ ವಿಷಯ ನಿಜವಾಗಿ ಅರ್ಥವಾಯಿತು. ನಂಬಿಕೆ ಬರಲೆಂದು, ತರಬೇತಿಗೆ ಹೋಗುತ್ತಿದ್ದ ನಿವೇಶನದ ಕೆಂಪು ಮಣ್ಣನ್ನು ಒಂದು ಹಿಡಿ ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ ಕಿಟಕಿಯಲ್ಲಿಟ್ಟೆ. ಮರಳು ಕಣ್ಣೆದುರೇ ತಳ ಸೇರಿತು, ಸಂಜೆಯ ಹೊತ್ತಿಗೆ ಅದರ ಮೇಲೆ ನುಣುಪಾದ ಪದರ ಕೂತಿತು. ಮೇಲಿನ ನೀರು ಮಾತ್ರ ಮೂರನೆಯ ದಿನವೂ ಚಹಾದ ಬಣ್ಣದಲ್ಲೇ ಇತ್ತು. ಹೀಗಾಗಿ ಒಮ್ಮೆ ಕದಲಿದ ಜೇಡಿಯನ್ನು ಗುಂಡಿಯಿಂದಲೋ, ಹೂಳು ತಡೆಯಲು ಇಳಿಜಾರಿನ ಕೆಳಗೆ ಕಟ್ಟುವ ಬಟ್ಟೆಯ ಬೇಲಿಯಿಂದಲೋ (ಹೂಳುಬೇಲಿ) ಹಿಡಿಯುತ್ತೇವೆ ಎನ್ನುವುದು ಹುಸಿ ಭರವಸೆ. ಅದನ್ನು ಕದಲದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ, ಹಿಡಿಯುವುದು ಉಳಿದದ್ದಕ್ಕೆ.

ಕದಲದಂತೆ ಮಾಡುವುದು

ಇದರಲ್ಲಿ ಅತ್ಯಂತ ಪರಿಣಾಮಕಾರಿಯಾದದ್ದಕ್ಕೆ ಸಾಮಗ್ರಿಯೇ ಬೇಕಿಲ್ಲ, ವೇಳಾಪಟ್ಟಿ ಸಾಕು. ಇಡೀ ನಿವೇಶನವನ್ನು ಒಂದೇ ಸಲ ಜೆಸಿಬಿಯಿಂದ ಕೆರೆದು ತಿಂಗಳುಗಟ್ಟಲೆ ಹಾಗೇ ಬಿಡುವ ಬದಲು, ಕಟ್ಟುವ ಭಾಗವನ್ನು ಮಾತ್ರ ತೆರೆದು ಉಳಿದೆಡೆ ಇರುವ ಹುಲ್ಲು, ಗಿಡಗಳನ್ನು ಹಾಗೇ ಉಳಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಮೇ ತಿಂಗಳ ಗುಡುಗುಮಳೆ ಬಿರುಸಾದದ್ದು, ಸೆಪ್ಟೆಂಬರ್–ಅಕ್ಟೋಬರ್‌ನದು ಪ್ರಮಾಣದಲ್ಲಿ ದೊಡ್ಡದು. ದೊಡ್ಡ ಅಗೆತವನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಲ್ಲಿ ಮುಗಿಸಿಕೊಳ್ಳುವುದು ಜಾಣತನ. ಮೇಲಿನ ಜಮೀನಿನಿಂದ ಹರಿದುಬರುವ ನೀರನ್ನು ಅಂಚಿನ ಬದು ಮತ್ತು ಕಾಲುವೆಯ ಮೂಲಕ ಸುತ್ತಿಸಿ, ನಿವೇಶನದೊಳಕ್ಕೆ ಬರದಂತೆ ಹೊರಗೇ ಸಾಗಿಸಬೇಕು. ಅಗೆದ ಮಣ್ಣಿನ ಗುಡ್ಡೆ ಚರಂಡಿಯ ಪಕ್ಕದಲ್ಲಿರಬಾರದು, ಸಂಜೆಗೆ ಅದರ ಮೇಲೆ ಟಾರ್ಪಾಲು ಇರಬೇಕು.

ಕೆಲವು ವಾರ ಮುಟ್ಟದೆ ಬಿಡುವ ಇಳಿಜಾರಿಗೆ ತೆಂಗಿನ ನಾರಿನ ಜಾಲ ನಮ್ಮಲ್ಲೇ ಸಿಗುವ ಒಳ್ಳೆಯ ಹೊದಿಕೆ. ಹುಲ್ಲು ಬೇರು ಬಿಡುವವರೆಗೆ ಅದು ಮಣ್ಣನ್ನು ಹಿಡಿದಿಟ್ಟು, ನಂತರ ತಾನೇ ಕೊಳೆತು ಮಣ್ಣಾಗುತ್ತದೆ. ಜಾಲ ನೆಲಕ್ಕೆ ಅಂಟಿಕೊಂಡಿರಬೇಕು. ನಡುವೆ ಎದ್ದು ನಿಂತರೆ ನೀರು ಅದರ ಅಡಿಯಲ್ಲೇ ಕೊರೆಯುತ್ತದೆ. ಕಾಯಂ ಇಳಿಜಾರುಗಳಿಗೆ ಲಾವಂಚವನ್ನು ಮರೆಯಬಾರದು. ಅದರ ಬೇರು ಅಡ್ಡಡ್ಡ ಹರಡದೆ ನೇರ ಕೆಳಕ್ಕಿಳಿಯುತ್ತದೆ, ಸಮಪಾತಳಿ ರೇಖೆಯಲ್ಲಿ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಎತ್ತರದಲ್ಲಿ ಸಾಗುವ ಸಾಲಿನಲ್ಲಿ, ಒತ್ತಾಗಿ ನೆಟ್ಟರೆ ಹಸಿರು ಬದುವಾಗಿ ನಿಲ್ಲುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಬಹುಕಾಲದಿಂದ ಹೊಲದ ಎಲ್ಲೆಗೆ ಲಾವಂಚ ನೆಟ್ಟುಕೊಂಡು ಬಂದಿದ್ದರು. 1980ರ ದಶಕದಿಂದ ಜಗತ್ತಿನ ಅನೇಕ ದೇಶಗಳಿಗೆ ಹಬ್ಬಿದ ಲಾವಂಚದ ಪ್ರಚಾರದಲ್ಲಿ ಆ ಬದುಗಳು ಉದಾಹರಣೆಯಾದವು.

ಉಳಿದದ್ದನ್ನು ಹಿಡಿಯುವುದು

ಹೂಳುಬೇಲಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರಷ್ಟು ತಪ್ಪಾಗಿ ಹಾಕುವ ಸಾಧನ ಇನ್ನೊಂದಿಲ್ಲ. ನಾನು ಕಂಡ ಒಂದು ನಿವೇಶನದಲ್ಲಿ ಸರ್ವೆ ಮರದ ಕಂಬಗಳಿಗೆ ಹಸಿರು ನೆಟ್ ಕಟ್ಟಿ ಅದನ್ನೇ ಹೂಳುಬೇಲಿ ಎಂದಿದ್ದರು. ಮೊದಲ ಮಳೆಗೆ ನೀರು ನೆಟ್‌ನ ಅಡಿಯಿಂದ ಒಂದು ಗೇಣು ಅಗಲದ ದಾರಿ ಮಾಡಿಕೊಂಡು ಸಲೀಸಾಗಿ ಹೊರಹೋಯಿತು. ನೆಟ್ ಸ್ವಚ್ಛವಾಗಿಯೇ ಉಳಿಯಿತು. ಹಸಿರು ನೆಟ್ ಇರುವುದು ಧೂಳಿಗೆ. ಹೂಳುಬೇಲಿಗೆ ಬೇಕಾದದ್ದು ಜಿಯೋಟೆಕ್ಸ್‌ಟೈಲ್, ಅಂದರೆ ಮಣ್ಣಿನ ಕೆಲಸಕ್ಕೆಂದೇ ತಯಾರಿಸಿದ ಒತ್ತಾದ ಬಟ್ಟೆ. ಅದರ ಕೆಳಗಂಚನ್ನು ಸುಮಾರು 15 ಸೆಂ.ಮೀ. ಆಳದ ಕಾಲುವೆಯಲ್ಲಿ ಹೂತು ಮಣ್ಣು ದಮ್ಮಸು ಮಾಡಬೇಕು, ಕಂಬಗಳು ಇಳಿಜಾರಿನ ಕೆಳಬದಿಯಲ್ಲಿರಬೇಕು, ಬೇಲಿ ಸಮಪಾತಳಿಯಲ್ಲಿ ಸಾಗಿ ಎರಡೂ ತುದಿಗಳು ಮೇಲ್ಮುಖವಾಗಿ ತಿರುಗಿರಬೇಕು. ಅದು ಕೆಲಸ ಮಾಡುವುದು ಸೋಸುವುದರಿಂದಲ್ಲ, ನೀರನ್ನು ನಿಲ್ಲಿಸಿ ಕಣ ಇಳಿಯಲು ಸಮಯ ಕೊಡುವುದರಿಂದ. ಆದ್ದರಿಂದ ನೀರು ಒಟ್ಟಾಗಿ ಹರಿಯುವ ಕಾಲುವೆಗೆ ಅಡ್ಡಲಾಗಿ ಅದನ್ನು ಕಟ್ಟಬಾರದು, ಹೂಳು ಅರ್ಧ ಎತ್ತರಕ್ಕೆ ಬರುವ ಮೊದಲೇ ತೆಗೆಸಬೇಕು. ಕಾಲುವೆಗಳಿಗೆ ಕಲ್ಲಿನ ಸಣ್ಣ ತಡೆಗಳಿವೆ. ಕೆಳಗಿನ ತಡೆಯ ನೆತ್ತಿ ಮೇಲಿನದರ ಬುಡದ ಮಟ್ಟಕ್ಕೆ ಬರುವಂತೆ ಅವುಗಳ ಅಂತರವನ್ನು ಗೊತ್ತುಮಾಡುತ್ತಾರೆ.

ಟಿಪ್ಪರ್ ಚಕ್ರಗಳು ರಸ್ತೆಗೆ ಹೊತ್ತು ತರುವ ಕೆಸರಿಗೆ ಗೇಟಿನ ಬಳಿ ಸುಮಾರು 15 ಮೀಟರ್ ಉದ್ದ ದಪ್ಪ ಜಲ್ಲಿ ಹಾಸಿ ಚಕ್ರ ತೊಳೆಯುವ ಜಾಗ ಮಾಡಬೇಕು. ಬೇಸ್‌ಮೆಂಟ್ ಗುಂಡಿಯ ನೀರನ್ನು ಪಂಪ್ ಮಾಡಿ ನೇರವಾಗಿ ಚರಂಡಿಗೆ ಬಿಡುವುದಂತೂ ಮಳೆಯಿಲ್ಲದ ದಿನವೂ ನಡೆಯುವ ತಪ್ಪು. ಅಂಥ ನೀರಿನಲ್ಲಿ ಜೇಡಿಯೇ ಹೆಚ್ಚಿರುವುದರಿಂದ ಪಟಿಕದಂಥ ವಸ್ತುವಿನಿಂದ ಕಣಗಳನ್ನು ಒಟ್ಟುಗೂಡಿಸಿ ಇಳಿಸಬೇಕಾಗುತ್ತದೆ. ನಮ್ಮ ಹಿರಿಯರು ಕೆಸರು ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದುದರ ತತ್ವವೂ ಇದೇ.

ಮಣ್ಣಲ್ಲದ ಮಾಲಿನ್ಯದಲ್ಲಿ ಮೊದಲು ನೆನಪಿಡಬೇಕಾದದ್ದು ಕಾಂಕ್ರೀಟ್ ತೊಳೆದ ನೀರು. ಅದರ ಪಿಎಚ್ (ಆಮ್ಲ–ಕ್ಷಾರದ ಅಳತೆ; ಶುದ್ಧ ನೀರಿನದು 7) 12ರ ಸುತ್ತಮುತ್ತ ಇರುತ್ತದೆ, ಚರ್ಮವನ್ನೇ ಸುಡುವಷ್ಟು ಕ್ಷಾರ; ಮೀನಿಗೆ ಅದು ವಿಷ. ಸಿದ್ಧ ಕಾಂಕ್ರೀಟ್ ತರುವ ಆರ್‌ಎಂಸಿ ಲಾರಿಯ ಚ್ಯೂಟ್ (ಕಾಂಕ್ರೀಟ್ ಸುರಿಯುವ ದೋಣಿ) ತೊಳೆಯಲು ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯೊಂದನ್ನು ಚರಂಡಿಯಿಂದ ದೂರ ಮಾಡಿ, ಗಟ್ಟಿಯಾದದ್ದನ್ನು ಒಡೆದು ಕಟ್ಟಡ ತ್ಯಾಜ್ಯದೊಂದಿಗೆ ಸಾಗಿಸಬೇಕು. ಡೀಸೆಲ್, ಬಣ್ಣ, ಶಟರಿಂಗ್ ಎಣ್ಣೆಗಳು ಸೂರಿನಡಿ, ತಟ್ಟೆಯಂಥ ತೊಟ್ಟಿಯೊಳಗೆ ಇರಬೇಕು.

ಕಾನೂನಿನ ಮಾತು ಚಿಕ್ಕದಾಗಿ: 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಜಲಮೂಲಕ್ಕೆ ಮಾಲಿನ್ಯಕಾರಕ ವಸ್ತು ಸೇರಿಸುವುದನ್ನು ನಿಷೇಧಿಸುತ್ತದೆ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯಂತೆ ಒಟ್ಟು ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು. ಮೂವತ್ತು–ನಲವತ್ತರ ಸೈಟಿನ ಮನೆ ಈ ಅನುಮತಿಯ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಮರಳಿನ ರಾಶಿ ಚರಂಡಿಯ ಮೇಲಿರಬೇಕೋ ಸೈಟಿನ ಒಳಗಿರಬೇಕೋ ಎಂಬುದನ್ನು ಮೇಸ್ತ್ರಿಯೂ ಮನೆಯ ಯಜಮಾನರೂ ತೀರ್ಮಾನಿಸುತ್ತಾರೆ.

ತರಬೇತಿಯಲ್ಲಿರುವವರು ದೊಡ್ಡ ಮಳೆ ನಿಂತ ಅರ್ಧ ಗಂಟೆಯೊಳಗೆ ನಿವೇಶನದ ನೀರು ಹೊರಬೀಳುವ ಜಾಗಕ್ಕೆ ಹೋಗಿ ಒಂದು ಗಾಜಿನ ಬಾಟಲಿ ತುಂಬಿಕೊಳ್ಳಿ, ದಿನಾಂಕ ಮತ್ತು ಮಳೆಯ ಪ್ರಮಾಣ ಬರೆದು ಚೀಟಿ ಅಂಟಿಸಿ. ಹಾಗೆಯೇ ನೀರು ಬಂದ ದಾರಿಯಲ್ಲಿ ಮೇಲಕ್ಕೆ ನಡೆಯಿರಿ: ಮೊದಲ ಸೀಳು ಎಲ್ಲಿ ಬಿದ್ದಿದೆಯೋ ಮುಂದಿನ ಹೊದಿಕೆ ಅಲ್ಲಿಗೆ ಬೇಕು.